ಕರುಳಿನ ಕೊನೆಯ ಗೇಣು

ಮೂವತ್ತಾರನೆಯ ಕುರಿಯ ಕಿವಿ ಹಿಡಿದು ನೋಡಿದಾಗ ಹಾಲ್ಬೆರಾಳ ಕೈ ಮೊದಲ ಸಲ ತಡೆದು ನಿಂತಿತು. ಎಡಗಿವಿಯಲ್ಲಿ ಎರಡು ಕಚ್ಚು, ಬಲಗಿವಿಯ ತುದಿ ಕತ್ತರಿಸಿದ್ದು. ಅಣ್ಣ ಕೇತಿಲ್‌ನ ಗುರುತು. ಅಲ್ಲಿಯವರೆಗೆ ಬಿದ್ದ ಮೂವತ್ತೈದೂ ಅವಳವೇ. ತನ್ನ ಕುರಿಯನ್ನು ತಾನು ಕೊಂದರೆ ಕೇಳುವವರು ಯಾರು? ಇನ್ನು ಮುಂದಿನದು ಹಾಗಲ್ಲ.

"ನನ್ನ ಮುಖ ಏನ್ ನೋಡ್ತೀಯೇ," ಎಂದು ಕುರಿಯನ್ನು ಗದರಿ, ಕೋವಿಯ ಬಾಯನ್ನು ಅದರ ಹಣೆಗಿಟ್ಟು ಟ್ರಿಗರ್ ಒತ್ತಿದಳು. ಕುರಿ ಮಡಿಸಿಟ್ಟ ಹಾಗೆ ಕುಸಿಯಿತು. ಕುತ್ತಿಗೆಗೆ ಚಾಕು ಹಾಕಿ ರಕ್ತವನ್ನು ಬಾನಿಗೆ ಬಸಿದಳು. ಎಷ್ಟೇ ಕೋಪವಿದ್ದರೂ ರಕ್ತ ಚೆಲ್ಲಬಾರದು, ಚಳಿಗಾಲದ ಊಟ ಅದು. ಮೊಣಕೈವರೆಗೂ ಕೆಂಪಾಗಿತ್ತು. ಅವಳ ಬಲಗಿವಿಯಲ್ಲಿ ಬರೀ ಗುಂಯ್ ಎನ್ನುವ ಸದ್ದು. ದೊಡ್ಡಿಯಲ್ಲಿ ಉಳಿದವು ಗೋಡೆಗೊತ್ತಿ ನಿಂತು ನಡುಗುತ್ತಿದ್ದವು.

ತಪ್ಪಿಸಿಕೊಂಡ ಕುರಿಗಳನ್ನು ಹುಡುಕಲು ಕೇತಿಲ್ ನಿನ್ನೆ ಬೆಳಿಗ್ಗೆ ಗುಡ್ಡ ಹತ್ತಿದ್ದ. ಮರಳಿ ಬರಲು ಮೂರು ದಿನ ಹಿಡಿಯುತ್ತಿತ್ತು. ಅವನ ಟೋಪಿ ದಿಣ್ಣೆಯ ಆಚೆ ಮರೆಯಾದದ್ದೇ ತಡ, ಹಾಲ್ಬೆರಾ ಗೂಟದ ಮೇಲಿನ ಕೋವಿ ಇಳಿಸಿದ್ದಳು. ಪೇಟೆಯ ಕಸಾಯಿಖಾನೆ ಹದಿನೈದು ದಿನದ ಹಿಂದೆಯೇ ಬಾಗಿಲು ಹಾಕಿತ್ತು. ಕೊನೆಯ ಲಾರಿ ಬಂದ ದಿನ ಕೇತಿಲ್ ರಸ್ತೆಗಡ್ಡ ನಿಂತು, "ನಮ್ಮಲ್ಲಿ ಕೊಡೋ ಕುರಿ ಇಲ್ಲ, ಹೋಗಿ" ಎಂದು ಅದನ್ನು ಖಾಲಿ ಕಳಿಸಿದ್ದ. ಹಾಗಾಗಿ ಉಳಿದಿದ್ದು ಈ ದೊಡ್ಡಿ, ಈ ಕೋವಿ, ಈ ಎರಡು ಕೈ.

ಅಪ್ಪ ಬಿಟ್ಟುಹೋದ ಹೊಲ ಅಣ್ಣ ತಂಗಿಗೆ ಸಮಪಾಲು. ಕುರಿ ನೂರ ತೊಂಬತ್ತು. ಆದರೆ ಆ ವರ್ಷ, ಅಂದರೆ ಅರವತ್ತೇಳರ ಬೇಸಿಗೆಯಲ್ಲಿ, ಹುಲ್ಲುಗಾವಲು ಹಸಿರಾಗಲೇ ಇಲ್ಲ. ಕೊಟ್ಟಿಗೆಯಲ್ಲಿ ಬಿದ್ದ ಒಣಹುಲ್ಲು ಅರ್ಧಕ್ಕರ್ಧ. ನೂರ ತೊಂಬತ್ತಕ್ಕೂ ಹಾಕಿದರೆ ಏಪ್ರಿಲ್ ನಡುವಿಗೆ ನೆಲ ಗುಡಿಸಬೇಕು. ನೂರ ಇಪ್ಪತ್ತಕ್ಕಾದರೆ ಜೂನ್ ಮುಟ್ಟುತ್ತದೆ. ಎಪ್ಪತ್ತನ್ನು ಕಡಿಯಬೇಕು ಎಂದು ಅವಳು, ಬೇಡ ಎಂದು ಅವನು. ಇಷ್ಟು ಸಣ್ಣ ಮಾತಿಗೆ ಆ ಮನೆಯಲ್ಲಿ ಒಂದು ತಿಂಗಳಿಂದ ತಟ್ಟೆ ಲೋಟ ಹಾರಾಡಿದ್ದವು.

ಹಾಲ್ಬೆರಾ ಹತ್ತೊಂಬತ್ತು ವರ್ಷದಿಂದ ಬೆಳಿಗ್ಗೆ ಒಂಬತ್ತಕ್ಕೆ ದೋಣಿಕಟ್ಟೆಗೆ ಇಳಿದು, ಸಮುದ್ರಕ್ಕೆ ಬಕೆಟ್ ಬಿಟ್ಟು, ನೀರಿಗೆ ಥರ್ಮಾಮೀಟರ್ ಅದ್ದಿ, ಅಂಕಿಯನ್ನು ಪುಸ್ತಕದಲ್ಲಿ ಬರೆದು ರಾಜಧಾನಿ ರೇಕ್ಯಾವಿಕ್‌ನ ಹವಾಮಾನ ಕಚೇರಿಗೆ ಫೋನ್ ಮಾಡುತ್ತಿದ್ದಳು. ಕೊಲ್ಲಿಯ ಸುತ್ತ ಎಲ್ಲ ಮನೆಗೂ ಒಂದೇ ಫೋನ್ ತಂತಿ. ಅವಳ ಮನೆ ಗಂಟೆ ಬಾರಿಸಿದರೆ ಹನ್ನೊಂದು ಮನೆಯವರು ಉಸಿರು ಹಿಡಿದು ಕೇಳುತ್ತಿದ್ದರು. ಹೀಗಾಗಿ ಅವಳ ಬಕೆಟ್ ಊರಿಗೆಲ್ಲ ನಗೆಯ ವಸ್ತುವಾಗಿತ್ತು.

ನಗಲಿ ಬಿಡಿ. ಅವಳಿಗೆ ಒಂದು ವಿಷಯ ಗೊತ್ತಾಗಿತ್ತು. ಬಡಗಣ ಕಡಲಿನ ನಡುವೆ ಯಾನ್ ಮಾಯೆನ್ ಎಂಬ ಒಂಟಿ ದ್ವೀಪವಿದೆ. ಅಲ್ಲಿನ ಬೇಸಿಗೆ ತಣ್ಣಗಿತ್ತೆಂದು ರೇಡಿಯೊ ಹೇಳಿದ ವರ್ಷ, ಆ ತಣ್ಣೀರು ತೆವಳುತ್ತ ತೆವಳುತ್ತ ಇಳಿದು ಹುಲ್ಲು ಕೊಯ್ಲು ಮುಗಿಯುವ ಹೊತ್ತಿಗೆ ಅವಳ ಬಕೆಟ್‌ಗೆ ಬರುತ್ತಿತ್ತು. ಅದರ ಬೆನ್ನಿಗೇ, ವಸಂತದಲ್ಲಿ, ಕಡಲ ಮಂಜುಗಡ್ಡೆ. ಅದು ಬಂದರೆ ಜೂನಿನವರೆಗೂ ಹುಲ್ಲು ಚಿಗುರದು. ಸಮುದ್ರವೂ ಹಸುವಿನ ಹಾಗೆಯೇ, ಬೇಸಿಗೆಯಲ್ಲಿ ನುಂಗಿದ್ದನ್ನು ಆರು ತಿಂಗಳು ಮೆಲುಕು ಹಾಕುತ್ತದೆ. ಮೂರು ವರ್ಷದ ಹಿಂದೆ ಹಾಗೇ ಆಗಿತ್ತು. ಈ ಸಲದ ನೀರು ಅದಕ್ಕಿಂತಲೂ ತಣ್ಣಗಿತ್ತು.

ಕೇತಿಲ್ ನಂಬುತ್ತಿದ್ದದ್ದು ಕರುಳನ್ನು. ಸೆಪ್ಟೆಂಬರಿನಲ್ಲಿ ಮೊದಲ ಕುರಿ ಕಡಿದಾಗ ಅದರ ಕರುಳನ್ನು ಅಡುಗೆಮನೆಯ ಮೇಜಿನ ಮೇಲೆ ಉದ್ದಕ್ಕೆ ಹರವಿದ. ಅವರ ಅಜ್ಜನೂ ಹಾಗೇ ಓದುತ್ತಿದ್ದ. ಈ ತುದಿಯಿಂದ ಆ ತುದಿಯವರೆಗೆ ಇಡೀ ಚಳಿಗಾಲ, ತುಂಬಿದ ಕಡೆ ಹದವಾದ ಹವೆ, ಖಾಲಿ ಬಿದ್ದ ಕಡೆ ಕೊರೆಯುವ ಚಳಿ. ಆಚೆ ದಡದ ಆಸ್ಗ್ರೀಮರ್ ಇದನ್ನು ಕೇಳಲೆಂದೇ ದೋಣಿಯಲ್ಲಿ ಬಂದು, ಸಕ್ಕರೆ ಚೂರು ಹಲ್ಲಲ್ಲಿ ಕಚ್ಚಿ ಕಾಫಿ ಹೀರುತ್ತ ಕೂತಿದ್ದ.

"ನವೆಂಬರ್, ತುಂಬಿದೆ. ಕ್ರಿಸ್‌ಮಸ್, ನೋಡು ಹೆಂಗೆ ಉಬ್ಬಿದೆ. ಫೆಬ್ರವರಿ, ಮಾರ್ಚ್..." ಕೇತಿಲ್‌ನ ಬೆರಳು ಜಾರುತ್ತ ಹೋಯಿತು. "ಒಂದು ಕಡೆನಾದ್ರೂ ಖಾಲಿ ಇದ್ಯೇನಯ್ಯ?"

"ಎಲ್ಲಿ ಇದೆ! ನಿನ್ನ ಬಾಯಿಗೆ ಬೆಣ್ಣೆ ಹಾಕ," ಎಂದ ಆಸ್ಗ್ರೀಮರ್. "ಹಂಗಾದ್ರೆ ನನ್ನ ನೂರೈವತ್ತು ಕುರಿನೂ ಇರ್ಲಿ."

"ಆ ತುದಿ ಓದು," ಎಂದಳು ಹಾಲ್ಬೆರಾ. ಕೊನೆಯ ಒಂದು ಗೇಣು ಹಿಂಡಿದ ಬಟ್ಟೆಯ ಹಾಗೆ ಚಪ್ಪಟೆಯಾಗಿತ್ತು.

"ಅದು ಬೇಸಿಗೆ ಕಣೇ. ಪಂಚಾಂಗದಲ್ಲಿ ಏಪ್ರಿಲ್‌ಗೆ ಬೇಸಿಗೆ ಹುಟ್ಟುತ್ತೆ. ಚಳಿಗಾಲದ ಕರುಳಲ್ಲಿ ಬೇಸಿಗೆ ಓದೋದಕ್ಕೆ ನಂಗೇನು ಹುಚ್ಚಾ?" ಎಂದು ಕೇತಿಲ್ ಆ ಗೇಣನ್ನು ಚಾಕುವಿನಿಂದ ಕತ್ತರಿಸಿ ನಾಯಿಗೆ ಎಸೆದ.

"ಪಂಚಾಂಗ ನೋಡ್ಕೊಂಡು ಬರುತ್ತೇನು ಮಂಜುಗಡ್ಡೆ? ಹುಲ್ಲು ಕೂಡಿಡದೆ ದೇವರ ಮೇಲೆ, ಹೆಪ್ಪುಗಟ್ಟಿದ ನೆಲದ ಮೇಲೆ ಭಾರ ಹಾಕಿ ಕುರಿ ಸಾಕಿದೋರು ಎಷ್ಟು ಜನ ಮಣ್ಣಾದ್ರು, ಅಜ್ಜ ಹೇಳ್ತಿರ್ಲಿಲ್ವಾ?"

"ಅಜ್ಜ ಬಕೆಟ್‌ನಲ್ಲಿ ಇಣುಕಿ ಕುರಿ ಸಾಕ್ಲಿಲ್ಲಮ್ಮ," ಎಂದು ಆಸ್ಗ್ರೀಮರ್ ನಕ್ಕ. ಕೇತಿಲ್ ಕೂಡ ನಕ್ಕು ಮೂಗಿಗೆ ನಶ್ಯ ಏರಿಸಿದ. ಆ ನಗು ಅವಳ ಎದೆಯಲ್ಲಿ ಮುಳ್ಳಾಗಿ ಮುರಿಯಿತು.

ಈಗ ದೊಡ್ಡಿಯಲ್ಲಿ ಐವತ್ತೆರಡನೆಯದಕ್ಕೆ ಕೈ ಹಾಕಿದಾಗ ಸಿಕ್ಕಿದ್ದು ಫ್ಲೆಕ್ಕಾ. ಕಪ್ಪು ಬಿಳಿ ಮಚ್ಚೆಯ ಮುಂದಾಳು ಕುರಿ, ಹನ್ನೊಂದು ವರ್ಷದ್ದು. ಒಮ್ಮೆ ಹಿಮಗಾಳಿಯಲ್ಲಿ ಕೇತಿಲ್ ಕಣ್ಣು ಕಾಣದೆ ಬಿದ್ದಾಗ, ಇದರ ಕೊಂಬು ಹಿಡಿದುಕೊಂಡೇ ಮನೆ ಸೇರಿದ್ದ. ಹಾಲ್ಬೆರಾ ಅದರ ಬಾಯಿ ಬಿಡಿಸಿ ನೋಡಿದಳು. ಮುಂದಿನ ಹಲ್ಲು ಒಂದೂ ಇಲ್ಲ. ಇದಕ್ಕೆ ಹಾಕುವ ಹುಲ್ಲು ಗಬ್ಬದ ಕುರಿಯ ಬಾಯಿಂದ ಕಿತ್ತ ಹುಲ್ಲು. ಬಿಡಬಹುದಿತ್ತು. ಒಂದೇ ಒಂದು ಕುರಿ, ಬಿಟ್ಟಿದ್ದರೆ ಆಕಾಶ ಬೀಳುತ್ತಿರಲಿಲ್ಲ. ಆದರೆ ಆ ಹೊತ್ತಿಗೆ ಅವಳು ಮನುಷ್ಯಳಾಗಿ ಉಳಿದಿರಲಿಲ್ಲ, ಬರೀ ಲೆಕ್ಕವಾಗಿದ್ದಳು. ಒತ್ತಿಬಿಟ್ಟಳು.

ಗುಂಡಿನ ಸದ್ದಡಗುವ ಮುಂಚೆ ಬಾಗಿಲು ದಡಾರನೆ ತೆರೆಯಿತು. ಗುಡ್ಡದಲ್ಲಿ ಮಂಜು ಕವಿದಿತ್ತೆಂದು ಕೇತಿಲ್ ಒಂದು ದಿನ ಮೊದಲೇ ಮರಳಿದ್ದ. ತೂಗುಹಾಕಿದ ಸಾಲು ನೋಡಿದ, ಬಾನಿ ನೋಡಿದ, ಕೊನೆಗೆ ಅವಳ ಕಾಲ ಬಳಿ ಇನ್ನೂ ಒದ್ದಾಡುತ್ತಿದ್ದ ಮಚ್ಚೆ ಕುರಿಯನ್ನು ನೋಡಿದ.

"ಫ್ಲೆಕ್ಕಾ," ಎಂದ. ಮಗುವನ್ನು ಕರೆದ ಹಾಗೆ.

"ಹಲ್ಲಿರ್ಲಿಲ್ಲ ಅಣ್ಣ, ಇದಕ್ಕೆ ಹುಲ್ಲು ಹಾಕಿದ್ರೆ..."

ಮಾತು ಮುಗಿಯಲಿಲ್ಲ. ಬಾಗಿಲ ಅಗುಳಿಯ ಮರದ ತೊಲೆ ಅವನ ಕೈಗೆ ಹೇಗೆ ಬಂತೋ, ಮೊದಲ ಏಟು ಕೋವಿಯ ಮೇಲೆ ಬಿತ್ತು, ಎರಡನೆಯದು ಅವಳ ಬಲಗೈ ಮೇಲೆ. ಕಟಕ್ ಎಂದ ಸದ್ದು ಇಬ್ಬರಿಗೂ ಕೇಳಿಸಿತು. ಅವಳು ರಕ್ತದ ಬಾನಿಯ ಮೇಲೆ ಬಿದ್ದಳು. ಬಾನಿ ಮಗುಚಿತು. ಅವನು ಅವಳ ಜಡೆ ಹಿಡಿದು ತಲೆಯನ್ನು ಆ ಕೆಸರಿಗೆ ಒತ್ತಿ, "ರಾಕ್ಷಸಿ! ಹೆಣ್ಣಾ ನೀನು? ನನ್ನ ಜೀವ ಉಳಿಸಿದ್ದನ್ನ ಕೊಂದ್ಯಲ್ಲೇ!" ಎಂದು ಅರಚಿದ. ಅವಳು ಎಡಗೈಯಲ್ಲಿ ಚಾಕು ತಡಕಿ ಅವನ ತೊಡೆಗೆ ಬೀಸಿದಳು. ಅವನು ಹಿಂದೆ ಸರಿದು ಗೋಡೆಗೊರಗಿ ಕುಸಿದ. ಒಂದೇ ತಾಯಿಯ ಹಾಲು ಕುಡಿದವರು ಹಾಗೆ ಎದುರುಬದುರು ಕೂತು ನಾಯಿಗಳಂತೆ ಏದುಸಿರು ಬಿಟ್ಟರು.

ಮೊದಲು ಎದ್ದವಳು ಅವಳು. "ಇನ್ನೂ ಹದಿನೆಂಟಿದೆ," ಎಂದಳು. ಕೋವಿಯ ಹಿಡಿಯನ್ನು ಎಡಹೆಗಲಿಗೆ ಕೊಟ್ಟು ಮುಂದಿನ ಕುರಿಯ ಕಡೆ ನಡೆದಳು. ಕೇತಿಲ್ ತಡೆಯಲಿಲ್ಲ. ತೊಡೆಯ ಗಾಯ ಒತ್ತಿ ಹಿಡಿದು, ಹದಿನೆಂಟು ಸದ್ದನ್ನೂ ಕೂತಲ್ಲೇ ಕೇಳಿದ.

ಎರಡು ವಾರ ಬಿಟ್ಟು ಕೈ ನೋಡಿದ ಪೇಟೆಯ ಡಾಕ್ಟರು, "ಏನಾಯ್ತಮ್ಮ?" ಎಂದು ಕೇಳಿದರು.

"ಟಗರು ಗುದ್ದಿತು."

"ಎಷ್ಟು ಕಾಲಿನ ಟಗರು?" ಡಾಕ್ಟರಿಗೂ ಆ ಕೊಲ್ಲಿಯವರು ಗೊತ್ತಿದ್ದರು. ಮೂಳೆ ಆಗಲೇ ವಾರೆಯಾಗಿ ಕೂಡತೊಡಗಿತ್ತು. ಬೆರಳುಗಳು ಮುಂದೆ ಪೆನ್ಸಿಲ್ ಹಿಡಿಯಲಿಲ್ಲ.

ಆಮೇಲೆ ಬಂದ ಚಳಿಗಾಲ ಇದೆಯಲ್ಲ, ಅಂಥ ಸೌಮ್ಯ ಚಳಿಗಾಲವನ್ನು ಮುದುಕರೂ ಕಂಡಿರಲಿಲ್ಲ. ಕ್ರಿಸ್‌ಮಸ್‌ಗೆ ಕುರಿಗಳು ಹೊರಗೆ ಮೇದವು. ಫೋನಿನ ತಂತಿಯ ಮೇಲೆ ನಗು ಹರಿಯಿತು. "ಹಾಲ್ಬೆರಾ, ಬಕೆಟ್ ಏನಂತು? ನಂಗೊಂದು ಹ್ಯಾಟು ಹೊಲ್ಕೊಡು, ಬಿಸಿಲು ಜಾಸ್ತಿ!" ಎಂದು ಆಸ್ಗ್ರೀಮರ್ ಕಿಚಾಯಿಸಿದ. ಅವಳು ಅಂಕಿ ಹೇಳಿ ಫೋನ್ ಇಟ್ಟಳು. ಎಡಗೈಯಿಂದ ಗೀಚಿದ ಅಂಕಿಗಳು ಕೋಳಿ ಕೆದರಿದ ಹಾಗಿದ್ದವು. ಕೇತಿಲ್ ಒಂದೇ ಮೇಜಿನಲ್ಲಿ ಒಣಮೀನಿಗೆ ಬೆಣ್ಣೆ ಸವರಿ ತಿಂದು ಏಳುತ್ತಿದ್ದ. ಐದು ತಿಂಗಳಲ್ಲಿ ಒಂದು ಮಾತಿಲ್ಲ. ಫೆಬ್ರವರಿಯ ಒಂದು ಬೆಳಿಗ್ಗೆ, ಬಿಸಿಲು ಕಿಟಕಿಯಲ್ಲಿ ಹೊಳೆಯುತ್ತಿರುವಾಗ, ಹಾಲ್ಬೆರಾ ಹುಲ್ಲಿನ ಕೊಟ್ಟಿಗೆಗೆ ಹೋಗಿ ಮುಖ ಮುಚ್ಚಿಕೊಂಡು ಅತ್ತಳು. ಎಪ್ಪತ್ತು ಜೀವ! ತಾನು ತಪ್ಪಿದ್ದರೆ? ಅಷ್ಟಾದರೂ ಮಂಜುಗಡ್ಡೆ ಬರಲಿ ಎಂದು ಬೇಡಲು ಅವಳಿಗೆ ಬಾಯಿ ಬರಲಿಲ್ಲ.

ಬಂತು. ಪಂಚಾಂಗದ ಬೇಸಿಗೆಯ ಮೊದಲ ದಿನ ಊರೆಲ್ಲ ಒಬ್ಬರಿಗೊಬ್ಬರು ಶುಭಾಶಯ ಹೇಳಿಕೊಂಡರು. ಅದರ ಮೂರನೆಯ ದಿನ ಗಾಳಿ ಬಡಗಣದಿಂದ ಬೀಸತೊಡಗಿತು. ಕೊಲ್ಲಿಯ ಬಾಯಲ್ಲಿ ಬಿಳಿ ಗೆರೆ ಕಂಡಿತು. ಮರುದಿನಕ್ಕೆ ಅದು ದೋಣಿಕಟ್ಟೆಯನ್ನು ಕಡಿದು ಸೌದೆ ಮಾಡಿತು. ಹಿಮ ಬಿದ್ದದ್ದು ಕರಗಲಿಲ್ಲ. ಮೇ ತಿಂಗಳ ನಡುವೆ ಹುಲ್ಲಿನ ಎಸಳಿಲ್ಲ, ಕಪ್ಪು ನೆಲವಿಲ್ಲ.

ಆಚೆ ದಡದಲ್ಲಿ ಆಸ್ಗ್ರೀಮರ್‌ನ ಕುರಿಗಳು ಒಂದರ ಮೈಮೇಲಿನ ಉಣ್ಣೆಯನ್ನು ಇನ್ನೊಂದು ಕಿತ್ತು ತಿಂದವು. ಹುಟ್ಟಿದ ಮರಿಗೆ ಹಾಲಿಲ್ಲ. ಹಾಲ್ಬೆರಾ ಕೊಲ್ಲಿ ಮುಚ್ಚಿದ ಮಂಜುಗಡ್ಡೆಯ ಮೇಲೆ ಎರಡು ಜಾರುಬಂಡಿ ಹುಲ್ಲು ಕಳಿಸಿದಳು. ಮೂರನೆಯದು ಕಳಿಸಿದರೆ ತನ್ನವು ಸಾಯುತ್ತವೆ. ಒಂದು ಬೆಳಿಗ್ಗೆ ಫೋನು ಹೊಡೆದುಕೊಂಡಿತು. ಹನ್ನೊಂದು ಮನೆ ಕೇಳುತ್ತಿರುವಾಗಲೇ ಆಸ್ಗ್ರೀಮರ್ ಬಿಕ್ಕಿಬಿಕ್ಕಿ ಅಳುತ್ತಿದ್ದ. "ಕೇತಿಲ್, ಏಳೋದಕ್ಕೂ ಆಗ್ದೆ ಬಿದ್ದಿವೆ ಕಣಯ್ಯ. ನನ್ನ ಕೈಲಾಗಲ್ಲ. ಕರುಳು ಓದಿದೋನು ನೀನು. ನೀನೇ ಬಂದು ಮುಗಿಸು." ಯಾರೂ ನಗಲಿಲ್ಲ.

ಕೇತಿಲ್ ಫೋನ್ ಇಟ್ಟು ಖಾಲಿ ಗೂಟದ ಕಡೆ ನೋಡಿದ. ಆಮೇಲೆ, "ಕೋವಿ ಎಲ್ಲಿಟ್ಟೆ?" ಎಂದ. ಅಕ್ಟೋಬರಿನಿಂದ ಈಚೆಗೆ ಅವನು ಅವಳಿಗೆ ಆಡಿದ ಮೊದಲ ಮಾತು.

ಅವಳು ಹಾಸಿಗೆಯಡಿಯಿಂದ ಕೋವಿ ತಂದುಕೊಟ್ಟಳು. ತೋಟಾಗಳ ಎರಡು ಡಬ್ಬಿ ಕೊಟ್ಟಳು. "ಹಣೆಗೆ ತಾಗಿಸಿ ಒತ್ತು, ದೂರದಿಂದ ಬೇಡ," ಎಂದಳು. ಅವನು ತಲೆಯಾಡಿಸಿ, ಕುಂಟುತ್ತ ಗಡ್ಡೆಯ ಮೇಲೆ ನಡೆದುಹೋದ.

ಒಂಬತ್ತಕ್ಕೆ ಹಾಲ್ಬೆರಾ ಮುರಿದ ಕಟ್ಟೆಗೆ ಇಳಿದು, ಹಾರೆಯಿಂದ ಗಡ್ಡೆ ಒಡೆದು ಬಕೆಟ್ ಬಿಡುತ್ತಿರುವಾಗ ಆಚೆ ದಡದಿಂದ ಮೊದಲ ಸದ್ದು ಬಂತು. ಎಣಿಸಬಾರದು ಎಂದುಕೊಂಡರೂ ಎಣಿಸಿದಳು. ತೊಂಬತ್ತರವರೆಗೂ ಎಣಿಸಿದಳು. ಅಲ್ಲಿಂದಾಚೆಗೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳಿಗೆ ಗೆದ್ದೆ ಎನಿಸಲಿಲ್ಲ.

ಮಧ್ಯಾಹ್ನ ಅವನು ಬಂದ. ಮೊಣಕೈವರೆಗೂ ಕೆಂಪು. ಕೋವಿಯನ್ನು ಗೂಟಕ್ಕೆ ತೂಗುಹಾಕಿದ. ಅವಳು ಕಾಫಿ ಮುಂದಿಟ್ಟಳು. ಅವನು ಅದನ್ನು ಮುಟ್ಟಲಿಲ್ಲ. ಮೇಜಿನ ಮೇಲೆ ಅವಳ ಪುಸ್ತಕ ತೆರೆದೇ ಇತ್ತು. ಅಂದಿನ ಸಾಲು ಖಾಲಿಯಿತ್ತು, ಸದ್ದು ಎಣಿಸುತ್ತ ಅವಳು ಅಂಕಿ ಬರೆದಿರಲಿಲ್ಲ. ಅವನು ಹಿಂದಿನ ಪುಟ ತಿರುವಿದ, ಅದರ ಹಿಂದಿನದು, ಇನ್ನೂ ಹಿಂದಿನದು. ಕೆದರಿದ ಅಂಕಿಗಳು ಅಕ್ಟೋಬರಿನ ದುಂಡಗಿನ ಅಕ್ಷರದವರೆಗೆ ಹೋಗಿ ನಿಂತವು. ಅವನು ಮತ್ತೆ ಈ ಪುಟಕ್ಕೆ ಬಂದು ಪೆನ್ಸಿಲ್ ಎತ್ತಿಕೊಂಡ.

"ಎಷ್ಟು?" ಎಂದ.

"ಒಂದು ಪಾಯಿಂಟ್ ಎಂಟು."

ಅವನು ಬರೆದ. ಪೆನ್ಸಿಲಿಗೂ ಕಾಗದಕ್ಕೂ ಕೆಂಪು ಹತ್ತಿತು.

"ಮುಂದೆ ಮೈನಸ್ ಹಾಕು," ಎಂದಳು ಹಾಲ್ಬೆರಾ.

ಕೇತಿಲ್ ಅಂಕಿಯ ಮುಂದೆ ಒಂದು ಸಣ್ಣ ಗೆರೆ ಎಳೆದ.