ಒಂದನೇ ಎದುರುದಾರ

ಹಿರಿಯೂರಿನ ಕೋರ್ಟಿನ ಆವರಣದಲ್ಲಿ, ಹೊಂಗೆ ಮರದ ನೆರಳಲ್ಲಿ, ಜಯಕ್ಕ ಮತ್ತು ಅವಳ ತಮ್ಮ ಜುಂಜೇಶ್ ಒಂದೇ ಡಬ್ಬಿಯಿಂದ ರೊಟ್ಟಿ ತಿನ್ನುತ್ತಿದ್ದುದನ್ನು ಕಂಡು ವಕೀಲ ಲಕ್ಷ್ಮೀಕಾಂತ್ ಕರಿಕೋಟಿಗೆ ಒಂದೇ ತೋಳು ತೂರಿಸಿಕೊಂಡು ಓಡಿಬಂದರು.

“ಏನಮ್ಮ ಜಯಕ್ಕ, ಎಷ್ಟು ಸಲ ಹೇಳಬೇಕು? ನೀವು ಅರ್ಜಿದಾರರು. ಇವನು ಒಂದನೇ ಎದುರುದಾರ. ಇವನ ಮೇಲೆ ಕೇಸು ಹಾಕಿ ಇವನ ಡಬ್ಬಿಗೇ ಕೈ ಹಾಕ್ತೀರಲ್ಲ!”

“ಡಬ್ಬಿ ನಂದೇ ಸ್ವಾಮಿ,” ಎಂದಳು ಜಯಕ್ಕ. “ಕೈ ಹಾಕಿರೋನು ಅವನು.”

“ಯಾರದಾದ್ರೂ ಆಗ್ಲಿ. ಇಲ್ಲಿಗೆ ಹೆಂಗೆ ಬಂದ್ರಿ?”

“ಬಸ್ ಸ್ಟ್ಯಾಂಡಿಂದ ಇವನ ಗಾಡೀಲಿ.”

“ಅದೇ ಗಾಡೀಲಾ?”

“ಅದೇ ಸಾರ್,” ಎಂದ ಜುಂಜೇಶ್, ಬೆರಳಿಗೆ ಹತ್ತಿದ ಶೇಂಗಾ ಚಟ್ನಿ ನೆಕ್ಕುತ್ತ. “ಹ್ಯಾಂಡಲ್ ನೆಟ್ಟಗೆ ಮಾಡಿಸೀನಿ.”

ಲಕ್ಷ್ಮೀಕಾಂತ್ ಹಣೆ ಚಚ್ಚಿಕೊಂಡರು. ವಿಮೆ ಕಂಪನಿಯ ವಕೀಲರ ಕಣ್ಣಿಗೆ ಬಿದ್ದರೆ ಇಬ್ಬರೂ ಸೇರಿ ಕಟ್ಟಿದ ಕತೆ ಅಂತಾರೆ, ಏಳಪ್ಪ ಇಲ್ಲಿಂದ, ಆ ಕಡೆ ಗೋಡೆ ಹತ್ರ ಕುಂತ್ಕ ಹೋಗು ಎಂದು ಜುಂಜೇಶನನ್ನು ಎಬ್ಬಿಸಿದರು. ಅವನು ಅರ್ಧ ರೊಟ್ಟಿ ಮಡಚಿ ಹಿಡಿದು, ಬೈಸಿಕೊಂಡ ಹುಡುಗನ ಹಾಗೆ ನಡೆದುಹೋದ. ಜಯಕ್ಕನಿಗೆ ನಗು ಬಂತು. ನಗುವಾಗ ಮೈ ಅಲುಗಿ ಸೊಂಟ ಚಳಕ್ ಎಂದಿತು.

ಆ ಸೊಂಟಕ್ಕಾಗಿಯೇ ಇಷ್ಟೆಲ್ಲ. ಮಾರಿಕಣಿವೆ ಅಣೆಕಟ್ಟೆಯ ಹಿನ್ನೀರಿನ ರಸ್ತೆಯಲ್ಲಿ ತಮ್ಮನ ಬೈಕಿನಿಂದ ಬಿದ್ದು, ಸೊಂಟದ ಕೀಲಿನ ಹತ್ತಿರವೇ ತೊಡೆಯ ಮೂಳೆ ಮುರಿದಿತ್ತು. ಒಳಗೆ ರಾಡು ಹಾಕಿದ್ದರು. ಮೂಳೆ ಸರಿಯಾಗಿ ಕೂಡಿಲ್ಲ, ಇನ್ನೊಂದು ಆಪರೇಷನ್ ಆಗಲೇಬೇಕು, ಇಲ್ಲದಿದ್ದರೆ ಹೀಗೇ ಕಾಲೆಳೆದುಕೊಂಡು ಇರಬೇಕಾಗುತ್ತದೆ ಎಂದು ಚಿತ್ರದುರ್ಗದ ಡಾಕ್ಟರು ಹೇಳಿದ್ದರು. ಹುಟ್ಟಿದಾಗಿನಿಂದ ಕುರಿಯ ಹಿಂದೆ ನಡೆದವಳು ಈಗ ಹೊಸದುರ್ಗದ ಕಡೆಯ ತನ್ನ ಹಟ್ಟಿಯ ಜಗಲಿ ಮೇಲೆ ಕೂತು, ಗಂಡ ಗೊಲ್ಲಪ್ಪ ಒಬ್ಬನೇ ಕುರಿ ಹೊಡೆದುಕೊಂಡು ಹೋಗುವುದನ್ನು ನೋಡುತ್ತಿದ್ದಳು.

ಲಕ್ಷ್ಮೀಕಾಂತ್ ಮೊದಲ ದಿನವೇ ಬಿಡಿಸಿ ಹೇಳಿದ್ದರು. ಗಾಡಿಗೆ ಪೂರಾ ಇನ್ಶೂರೆನ್ಸ್ ಇದೆ, ಹಿಂದೆ ಕೂತವರಿಗೂ ಪರಿಹಾರ ಸಿಗುತ್ತದೆ. ಕೊಡುವುದು ಕಂಪನಿ, ತಮ್ಮನಲ್ಲ. ಆದರೆ ಗಾಡಿ ಓಡಿಸಿದವನ ತಪ್ಪಿನಿಂದಲೇ ಬಿದ್ದದ್ದು ಎಂದು ಕೋರ್ಟಿಗೆ ಮನವರಿಕೆಯಾಗಬೇಕು. ಅದನ್ನು ಜಯಕ್ಕನೇ ಕಟಕಟೆಯಲ್ಲಿ ನಿಂತು ಹೇಳಬೇಕು. “ಅತಿವೇಗ ಮತ್ತು ಅಜಾಗರೂಕತೆ. ಈ ಎರಡು ಮಾತು ಬಾಯಲ್ಲಿ ಬಂದರೆ ಸಾಕು.”

ಜುಂಜೇಶನಿಗೆ ಇದರಲ್ಲಿ ಯಾವ ಕಷ್ಟವೂ ಕಂಡಿರಲಿಲ್ಲ. ಪೊಲೀಸ್ ಕೇಸಿನಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಬಂದಿದ್ದ. “ಹೇಳಕ್ಕ, ನನ್ನ ತಮ್ಮ ಕಣ್ಣು ಮುಚ್ಕಂಡು ಓಡಿಸ್ದ ಅಂತ ಹೇಳು. ನನಗೇನು ಕೋಡು ಮುರಿತಾವಾ?” ಎಂದಿದ್ದ.

ಕಷ್ಟ ಜಯಕ್ಕನದಾಗಿತ್ತು. ಅದನ್ನು ಅವಳು ವಕೀಲರಿಗೂ ಹೇಳಿರಲಿಲ್ಲ, ತಮ್ಮನಿಗೂ ಹೇಳಿರಲಿಲ್ಲ.

ಅವ್ವ ಸತ್ತಾಗ ಜುಂಜೇಶ್ ಇನ್ನೂ ಅಂಬೆಗಾಲಿಡುತ್ತಿದ್ದ. ಹತ್ತು ವರ್ಷ ದೊಡ್ಡವಳಾದ ಜಯಕ್ಕನೇ ಅವನನ್ನು ಕಂಕುಳಲ್ಲಿ ಇರುಕಿಕೊಂಡು ಕುರಿ ಕಾದಳು. ಆಗೆಲ್ಲ ಮಾರಿಕಣಿವೆಯ ನೀರು ಎಲ್ಲೋ ದೂರ, ಕಟ್ಟೆಯ ಬುಡದಲ್ಲಿ ಬಿದ್ದಿರುತ್ತಿತ್ತು. ನೀರು ಬಿಟ್ಟುಕೊಟ್ಟ ನೆಲದಲ್ಲಿ ಬೇಸಿಗೆಯಲ್ಲೂ ಹಸಿರು. ಅಪ್ಪ ಅಲ್ಲೇ ಮುಳ್ಳು ಕಡಿದು ಸುತ್ತ ಬೇಲಿ ಕಟ್ಟಿ ಕುರಿ ಕೂಡುವ ರೊಪ್ಪ ಮಾಡುತ್ತಿದ್ದ. ಒಳಗೆ ಮರಿಗಳಿಗೆಂದು ಇನ್ನೊಂದು ಪುಟ್ಟ ಗೂಡು. ಜುಂಜೇಶ್ ಮಲಗುತ್ತಿದ್ದುದು ಅದರಲ್ಲೇ, ಮರಿಗಳ ನಡುವೆ. ಬೆಳಗ್ಗೆ ಕೈ ಹಾಕಿ ತಡಕಿದರೆ ಯಾವುದು ಮರಿಯ ತಲೆ, ಯಾವುದು ತಮ್ಮನ ತಲೆ ಎಂದು ತಿಳಿಯದಷ್ಟು ಒಂದೇ ಬಿಸುಪು. ಎದ್ದವನ ಮೈಯೆಲ್ಲ ಹಾಲಿನ, ಹಿಕ್ಕೆಯ, ಉಣ್ಣೆಯ ವಾಸನೆ. ಆ ವಾಸನೆ ಜಯಕ್ಕನಿಗೆ ಈಗಲೂ ಒಮ್ಮೊಮ್ಮೆ ಬಸ್ಸಿನಲ್ಲಿ, ಸಂತೆಯಲ್ಲಿ, ಸುಮ್ಮನೆ ಬಂದು ಹೋಗುತ್ತಿತ್ತು.

ಅವಳ ಮದುವೆಯಾದ ಮೇಲೆ ಅಪ್ಪ ಅವನನ್ನು ಹಿರಿಯೂರಿನ ಹಾಸ್ಟೆಲಿಗೆ ಸೇರಿಸಿದ. ಅವನು ಮೋಟಾರು ರಿವೈಂಡಿಂಗ್ ಕಲಿತು ಅಂಗಡಿ ಇಟ್ಟ. ಬೋರ್‌ವೆಲ್ಲಿನ ಸುಟ್ಟ ಮೋಟಾರುಗಳ ನಡುವೆ ತಾಮ್ರದ ತಂತಿ ಸುತ್ತುತ್ತ ಕೂತವನ ಹತ್ತಿರ ಜಯಕ್ಕ ಹೋದಾಗೆಲ್ಲ ಹಳೆಯದನ್ನು ಕೆದಕುವಳು. ರೊಪ್ಪದಾಗೆ ಮಲಗ್ತಿದ್ಯಲ್ಲೋ, ಕರಿಮೂತಿ ಮರಿ ನಿನ್ ಕಿವಿ ಚೀಪ್ತಿತ್ತಲ್ಲೋ ಎನ್ನುವಳು. “ಬಿಡಕ್ಕ, ನಂಗೆಲ್ಲಿ ನೆಪ್ಪು,” ಎಂದು ಅವನು ತಂತಿಯ ಕಡೆ ಬಗ್ಗುವನು. ಗಿರಾಕಿಗಳಿದ್ದರಂತೂ ಅವನ ಮುಖ ಇನ್ನಷ್ಟು ಗಟ್ಟಿಯಾಗುತ್ತಿತ್ತು. ಅಪ್ಪನೂ ಹೋದ ಮೇಲೆ ಆ ದಿನಗಳಿಗೆ ಅವಳೊಬ್ಬಳೇ ಸಾಕ್ಷಿ. ಬರಬರುತ್ತಾ ಅವಳಿಗೇ ಅನುಮಾನ ಹುಟ್ಟಿತ್ತು. ನಡೆದದ್ದನ್ನು ನೆನೆಯುತ್ತಿದ್ದೇನೆಯೋ, ಬೇಕಾದ್ದನ್ನು ಹೆಣೆಯುತ್ತಿದ್ದೇನೆಯೋ?

ಆಮೇಲೆ ಒಂದು ವರ್ಷ ಮಳೆ ಸುರಿದದ್ದೇ ಸುರಿದದ್ದು, ಮಾರಿಕಣಿವೆ ತುಂಬಿ ಕೋಡಿ ಬಿತ್ತು. ತಾತನ ಕಾಲದಲ್ಲಿ ಬಿದ್ದಿತ್ತಂತೆ ಎಂದು ಕೇಳಿ ಮಾತ್ರ ಗೊತ್ತಿದ್ದ ಕೋಡಿ. ಇಡೀ ಜಿಲ್ಲೆ ನೋಡಲು ನುಗ್ಗಿತು. ಜುಂಜೇಶ್ ಕೂಡ ಬೈಕು ತಂದು, “ನಡಿಯಕ್ಕ, ನೋಡ್ಕಂಡು ಬರಾಣ,” ಎಂದ. ಕೋಡಿ ನೋಡಿ, ಮಂಡಕ್ಕಿ ಮೆಣಸಿನಕಾಯಿ ತಿಂದು, ಹಿನ್ನೀರಿನ ಪಕ್ಕದ ರಸ್ತೆಯಲ್ಲಿ ಅವಳನ್ನು ಹಟ್ಟಿಗೆ ಬಿಡಲು ಬರುತ್ತಿದ್ದ. ಸಂಜೆಯ ಬಿಸಿಲು. ರಸ್ತೆಯಲ್ಲಿ ಒಂದು ನರಪಿಳ್ಳೆ ಇಲ್ಲ. ಬಲಗಡೆ ಕಣ್ಣು ಹರಿಯುವಷ್ಟೂ ನೀರು. ಇದ್ದಕ್ಕಿದ್ದಂತೆ ಜುಂಜೇಶ್ ಒಂದು ಕೈ ಬಿಟ್ಟು, ತಲೆ ಹೊರಳಿಸಿ, ನೀರಿನ ನಡುವೆ ಬೆರಳು ತೋರಿಸಿ ಕೂಗಿದ: “ಅಕ್ಕಾ, ಅಲ್ನೋಡು, ನಮ್ ರೊಪ್ಪ!”

ಮೋರಿಯ ಕಟ್ಟೆಗೆ ಗಾಡಿ ಬಡಿದದ್ದು ಅದರ ಮರುಗಳಿಗೆ.

ಅಷ್ಟೂ ವರ್ಷ ನೆಪ್ಪಿಲ್ಲ ಎಂದವನು ಅಂದು ಅವಳು ಕೇಳದೆಯೇ, ನೀರಡಿಯಲ್ಲಿ ಮುಳುಗಿಹೋದ ಜಾಗವನ್ನು ಗುರುತು ಹಿಡಿದಿದ್ದ. ಕಾನೂನು ಅದನ್ನು ಅಜಾಗರೂಕತೆ ಎನ್ನುತ್ತಿತ್ತು. ಆ ಮಾತು ಜಯಕ್ಕನ ನಾಲಿಗೆಯಲ್ಲಿ ಹೊರಳುತ್ತಿರಲಿಲ್ಲ. ತಪ್ಪು ಎಂದುಬಿಟ್ಟರೆ ಅವನು ಇನ್ನೆಂದೂ ಆ ಕಡೆ ತಿರುಗಿ ನೋಡಲಾರ. ಆಗಲೇ ಹಾಗಾಗಿತ್ತು. ಬಿದ್ದ ದಿನದಿಂದ ಅವನು ಆಸ್ಪತ್ರೆಗೆ ಬಂದ, ಔಷಧಿ ತಂದ, ಕೋರ್ಟಿಗೂ ಬಂದ. ಆ ಮಾತನ್ನು ಮಾತ್ರ ಮತ್ತೆ ಎತ್ತಲಿಲ್ಲ.

ಹೆಸರು ಕೂಗಿದರು. ಜಯಕ್ಕ ಕೋಲೂರಿ ಕಟಕಟೆ ಹತ್ತಿದಳು. ನ್ಯಾಯಾಧೀಶರು ಕನ್ನಡಕದ ಹೆಣ್ಣುಮಗಳು. “ಕೂತುಕೊಂಡೇ ಹೇಳಮ್ಮ,” ಎಂದು ಕುರ್ಚಿ ಹಾಕಿಸಿದರು. ಪ್ರಮಾಣ ಮಾಡಿಸಿದ ಮೇಲೆ ವಿಮೆ ಕಂಪನಿಯ ವಕೀಲರು ಪಾಟೀ ಸವಾಲಿಗೆ ಎದ್ದರು. ದಪ್ಪ ಮೀಸೆ, ಬೆಣ್ಣೆಯಂಥ ದನಿ.

“ಗಾಡಿ ಓಡಿಸಿದವರು ನಿಮ್ಮ ಒಡಹುಟ್ಟಿದ ತಮ್ಮ?”

“ಹೌದು.”

“ಇವತ್ತೂ ಅದೇ ತಮ್ಮನ ಗಾಡಿಯಲ್ಲೇ ಬಂದಿರಿ?”

“ಹೌದು. ಬಸ್ ಸ್ಟ್ಯಾಂಡು ದೂರ ಐತಲ್ಲ ಸ್ವಾಮಿ.”

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಲಕ್ಷ್ಮೀಕಾಂತ್ ಮೇಜಿನ ಮೇಲಿನ ಪೆನ್ನನ್ನು ನೋಡತೊಡಗಿದರು.

“ಅವತ್ತು ನಿಮ್ಮ ತಮ್ಮ ನಿಧಾನವಾಗಿ, ಹುಷಾರಾಗಿ ಓಡಿಸ್ತಿದ್ದ. ಒಂದು ಮೇಕೆ ಅಡ್ಡ ಬಂತು. ಯಾರ ತಪ್ಪೂ ಇಲ್ಲದೆ ನೀವು ಬಿದ್ರಿ. ಪರಿಹಾರಕ್ಕೋಸ್ಕರ ಅಕ್ಕ ತಮ್ಮ ಕೂಡಿಕೊಂಡು ಹಿಂಗೆ ಕೇಸು ಹಾಕಿದ್ದೀರಿ. ಸರಿನಾ?”

“ಮೇಕೆ ಬಂದಿಲ್ಲ,” ಎಂದಳು ಜಯಕ್ಕ. “ಮೇಕೆ ಬಂದಿದ್ರೆ ನನ್ ತಮ್ಮ ಬೀಳ್ತಿರಲಿಲ್ಲ. ಮರಿ ಜೊತೆ ಮಲಗಿ ಬೆಳೆದೋನು, ಅವು ಎತ್ತಲಾಗೆ ನೆಗಿತಾವೆ ಅಂತ ಅವನಿಗೆ ಗೊತ್ತೈತೆ.”

“ಹಂಗಾದ್ರೆ ಜೋರಾಗಿ ಓಡಿಸ್ತಿದ್ನಾ?”

“ಇಲ್ಲ. ನಿಧಾನಕ್ಕೇ ಬರ್ತಿದ್ದ.”

ಲಕ್ಷ್ಮೀಕಾಂತರ ಮುಖ ಇಳಿಯಿತು. ಮೀಸೆಯ ವಕೀಲರು, “ಇದನ್ನ ದಾಖಲು ಮಾಡ್ಕೋಬೇಕು ಮೇಡಂ,” ಎಂದು ಕೂರಲು ಹೊರಟರು. ನ್ಯಾಯಾಧೀಶರು ಕನ್ನಡಕ ತೆಗೆದು ಜಯಕ್ಕನನ್ನೇ ನೋಡಿದರು. “ನಿಧಾನಕ್ಕೆ ಬರುತ್ತಿದ್ದವನು ಕಟ್ಟೆಗೆ ಯಾಕಮ್ಮ ಗುದ್ದಿದ?”

ಜಯಕ್ಕ ಕೋರ್ಟು ಕೋಣೆಯ ಹಿಂದಿನ ಗೋಡೆಯ ಕಡೆ ನೋಡಿದಳು. ಜುಂಜೇಶ್ ನೆಲ ನೋಡುತ್ತ ಕೂತಿದ್ದ. ತಮ್ಮನ ಮುಂದೆ ಈ ಮಾತು ಎತ್ತದೆ ಏನು ಉಳಿಸಿಕೊಂಡ ಹಾಗಾಯಿತು ಎಂದು ಅವಳಿಗೆ ಆ ಕ್ಷಣ ಅನಿಸಿತು.

“ರಸ್ತೆ ನೋಡ್ಲಿಲ್ಲ ತಾಯಿ. ಒಂದು ಕೈ ಬಿಟ್ಟು ನೀರಿನ ಕಡೆ ತಿರುಗಿದ. ಚಿಕ್ಕೋರಿದ್ದಾಗ ನಾವು ಕುರಿ ಕೂಡ್ತಿದ್ದ ರೊಪ್ಪ ಅಲ್ಲಿತ್ತು. ಈಗ ಮುಳುಗೈತೆ. ಅದನ್ನ ನಂಗೆ ತೋರಿಸ್ದ.”

ನ್ಯಾಯಾಧೀಶರು ಕನ್ನಡಕ ಮತ್ತೆ ಹಾಕಿಕೊಂಡು, ಬೆರಳಚ್ಚಿನ ಹುಡುಗಿಯ ಕಡೆ ತಿರುಗಿ ಹೇಳಿ ಬರೆಸಿದರು. “ಒಂದನೇ ಎದುರುದಾರನು ಹ್ಯಾಂಡಲ್‌ನಿಂದ ಒಂದು ಕೈ ತೆಗೆದು, ರಸ್ತೆಯ ಕಡೆ ಗಮನ ಕೊಡದೆ, ಬಲಕ್ಕೆ ತಿರುಗಿ ನೋಡುತ್ತಾ ವಾಹನ ಚಲಾಯಿಸಿದ್ದರಿಂದ ಅಪಘಾತವಾಯಿತು. ಸರಿಯಾ ಅಮ್ಮ?”

ಆ ವಾಕ್ಯದಲ್ಲಿ ನೀರಿರಲಿಲ್ಲ, ಬಿಸಿಲಿರಲಿಲ್ಲ, ರೊಪ್ಪವಿರಲಿಲ್ಲ. ಸುಳ್ಳೂ ಇರಲಿಲ್ಲ.

“ಸರಿ ಐತೆ,” ಎಂದಳು ಜಯಕ್ಕ.

ಲಕ್ಷ್ಮೀಕಾಂತ್ ತಡೆದಿದ್ದ ಉಸಿರು ಬಿಟ್ಟಿದ್ದು ಕಟಕಟೆಯವರೆಗೂ ಕೇಳಿಸಿತು. ಮೀಸೆಯವರಿಗೆ ಕೇಳಲು ಇನ್ನೇನೂ ಉಳಿದಿರಲಿಲ್ಲ. ನ್ಯಾಯಾಧೀಶರು ಜುಂಜೇಶನ ಕಡೆ ತಿರುಗಿದರು.

“ಒಂದನೇ ಎದುರುದಾರರಿಗೆ ವಕೀಲರಿಲ್ಲ ಅಲ್ಲವಾ? ಸಾಕ್ಷಿಗೆ ನೀವೇ ಏನಾದರೂ ಕೇಳುವುದಿದೆಯೇನಪ್ಪ?”

ಇಲ್ಲ ಅಂತ ಹೇಳಿ ಕುಂತ್ಕ ಎಂದು ಲಕ್ಷ್ಮೀಕಾಂತ್ ಕಣ್ಣಲ್ಲೇ ಗದರಿದರು. ಜುಂಜೇಶ್ ಎದ್ದು ನಿಂತ. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

“ಅಕ್ಕಾ,” ಎಂದ. “ಅವತ್ತು ನಾ ಕೈ ತೋರಿಸ್ದಾಗ ನೀ ನೋಡಿದ್ಯಾ? ಇಲ್ಲಾ, ನೋಡಾದಕ್ಕೆ ಮುಂಚೆನೇ ಬಿದ್ವಾ?”

ಜಯಕ್ಕ ಕುರ್ಚಿಯಲ್ಲೇ ಅವನ ಕಡೆ ತಿರುಗಿದಳು.

“ನೋಡಿದೆ ಕಣೋ. ಬೇಲಿ ಮಗ್ಗುಲಿನ ಜಾಲಿಮರದ ನೆತ್ತಿ ಒಂದೇ ನೀರಿನ ಮ್ಯಾಲಿತ್ತು. ಅದರ ಮ್ಯಾಲೆ ಒಂದು ಬೆಳ್ಳಕ್ಕಿ.”

“ಎರಡಕ್ಕ. ಎರಡು ಕುಂತಿದ್ವು.”

“ಒಂದೇ ಕಣೋ.”

“ಇನ್ನೊಂದು ಕೆಳಗಡೆ ಕೊಂಬೇಲಿತ್ತು. ನೀ ಅಷ್ಟು ದೂರ ನೋಡಿಲ್ಲ.”

ಬೆರಳಚ್ಚಿನ ಹುಡುಗಿ ಬರೆಯಬೇಕೋ ಬಿಡಬೇಕೋ ತಿಳಿಯದೆ ಕೈ ಎತ್ತಿ ಕೂತಳು. “ಅದು ಬೇಡಮ್ಮ,” ಎಂದರು ನ್ಯಾಯಾಧೀಶರು ಮೆಲ್ಲಗೆ. “ಒಂದನೇ ಎದುರುದಾರನಿಂದ ಪಾಟೀ ಸವಾಲು ಇಲ್ಲ ಅಂತ ಬರೀರಿ.”