ಬೈದರೆ ನನ್ನ ಪಾಲಿಗೆ

ತಂತ್ರಾಂಶ ಕಂಪನಿಯೊಂದರಲ್ಲಿ ಅವಳು ನಡೆಸುತ್ತಿದ್ದ ತಂಡದಲ್ಲಿ ಒಂಬತ್ತು ಜನರಿದ್ದರು. ಬೆನ್ನ ಹಿಂದೆ ಎಲ್ಲರೂ ಅವಳನ್ನು ‘ಹೆಡ್‌ಮಿಸ್’ ಎನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು. ಗೊತ್ತಿಲ್ಲದವಳಂತೆ ಓಡಾಡಿಕೊಂಡು ಒಳಗೊಳಗೇ ಖುಷಿಪಡುತ್ತಿದ್ದಳು. ಬೆಳಿಗ್ಗೆ ಒಂಬತ್ತೂವರೆಗೆ ಎಲ್ಲರೂ ಬಿಳಿ ಹಲಗೆಯ ಮುಂದೆ ನಿಂತಿರಬೇಕು. ಕುರ್ಚಿ ಎಳೆದುಕೊಳ್ಳುವಂತಿಲ್ಲ. ಕೂತರೆ ಮಾತು ಬೆಳೆಯುತ್ತದೆ ಎಂಬುದು ಅವಳ ವಾದ. ನಿನ್ನೆ ಏನಾಯಿತು, ಇವತ್ತು ಏನು ಮಾಡುತ್ತೀರಿ, ಎಲ್ಲಿ ಸಿಕ್ಕಿಕೊಂಡಿದ್ದೀರಿ, ಇಷ್ಟು ಹೇಳಿ ಮುಗಿಸಲು ಹತ್ತು ನಿಮಿಷ. ‘ಬಹುತೇಕ ಮುಗಿದಿದೆ’ ಎಂದವರು ಮಾತ್ರ ಸುಲಭಕ್ಕೆ ಪಾರಾಗುತ್ತಿರಲಿಲ್ಲ.

“ಬಹುತೇಕ ಅಂದ್ರೆ ಎಷ್ಟು? ಡಾಕ್ಟರು ನಿಮ್ಮ ಹಲ್ಲು ಬಹುತೇಕ ಕಿತ್ತಾಯ್ತು ಅಂದ್ರೆ ಎದ್ದು ಮನೆಗೆ ಹೋಗ್ತೀರಾ?”

ಹಾಗೆಂದು ದನಿ ಏರಿಸಿದವಳಲ್ಲ. ರಜೆ ಕೇಳಿದವರ ಹತ್ತಿರ ಕಾರಣ ಕೆದಕಿದವಳೂ ಅಲ್ಲ. ಕೊಟ್ಟ ಮಾತು ತಪ್ಪಬಾರದು, ತಪ್ಪುವ ಹಾಗಿದ್ದರೆ ಮೊದಲೇ ಬಾಯಿಬಿಡಬೇಕು, ಅವಳು ಬಯಸುತ್ತಿದ್ದದ್ದು ಅಷ್ಟೇ. ಬದಲಿಗೆ ತಾನೂ ಒಂದು ಮಾತು ಕೊಟ್ಟಿದ್ದಳು. ಹೊಸಬರು ಸೇರಿದ ದಿನವೇ ಹೇಳಿಬಿಡುತ್ತಿದ್ದಳು: “ಮೇಲಿನವರು ಹೊಗಳಿದ್ರೆ ನಿಮ್ಮ ಹೆಸರು ಹೇಳ್ತೀನಿ. ಬೈದ್ರೆ ಅದು ನನ್ನ ಪಾಲಿಗೆ.” ಏಳು ವರ್ಷ ಹಾಗೆಯೇ ನಡೆದುಕೊಂಡಿದ್ದಳು. ಬೇರೆ ತಂಡದವರು ಇಲ್ಲಿಗೆ ಬರಲು ಕಾದು ಕೂರುತ್ತಿದ್ದದ್ದು ಅದಕ್ಕೇ.

ತಂಡದಲ್ಲಿ ಅತಿ ಹಿರಿಯರೆಂದರೆ ಒಬ್ಬ ಟೆಸ್ಟರ್. ಐವತ್ತಾರು ವರ್ಷ. ಬೇರೆಯವರು ಬರೆದ ತಂತ್ರಾಂಶದಲ್ಲಿ ತಪ್ಪು ಹುಡುಕುವುದು ಅವರ ಕೆಲಸ. ಎಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಹಿಡಿಯುತ್ತಿದ್ದರು, ಹಾಗಾಗಿ ಅವರಿಗೆ ‘ಭೂತಗನ್ನಡಿ’ ಎಂದು ಹೆಸರು. ಇಪ್ಪತ್ತು ವರ್ಷದ ಹಿಂದೆ ಅವಳು ಕೆಲಸಕ್ಕೆ ಸೇರಿದಾಗ ಅವಳಿಗೆ ಕೈಹಿಡಿದು ಕಲಿಸಿದವರು ಅವರೇ. ಆಮೇಲೆ ಅವಳು ಮೆಟ್ಟಿಲು ಹತ್ತುತ್ತಾ ಹೋದಳು, ಅವರು ಇದ್ದಲ್ಲೇ ಇದ್ದರು. ಇಬ್ಬರಿಗೂ ಅದರಿಂದ ಇರಿಸುಮುರಿಸಾಗಿರಲಿಲ್ಲ. ಅವಳು ಅವರನ್ನು ‘ಗುರುಗಳೇ’ ಎನ್ನುತ್ತಿದ್ದಳು, ಅವರು ಅವಳನ್ನು ‘ತಾಯಿ’ ಎನ್ನುತ್ತಿದ್ದರು.

ಆ ವರ್ಷ ತಂಡದ ಕೈಯಲ್ಲಿದ್ದದ್ದು ಒಂದು ದೊಡ್ಡ ಆಸ್ಪತ್ರೆಯ ಕೆಲಸ. ಮೂತ್ರಪಿಂಡ ಕೆಟ್ಟವರು ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಬರುತ್ತಾರಲ್ಲ, ಅವರಿಗೆ ಯಾವ ದಿನ, ಯಾವ ಹೊತ್ತು, ಯಾವ ಯಂತ್ರ ಎಂದು ಗೊತ್ತುಮಾಡುವ ವ್ಯವಸ್ಥೆ. ಕಂಪನಿಯ ನಿರ್ದೇಶಕರು ಸಭೆಯಲ್ಲಿ “ಯಾವಾಗ ಕೊಡ್ತೀರಿ?” ಎಂದಾಗ ಅವಳು ತಂಡದವರನ್ನು ಒಂದು ಮಾತೂ ಕೇಳದೆ, “ಮುಂದಿನ ತಿಂಗಳು ಹತ್ತನೇ ತಾರೀಕು” ಎಂದುಬಿಟ್ಟಿದ್ದಳು. ಯಾಕೆ ಹಾಗೆಂದೆ ಎಂದು ಆಮೇಲೆ ಅವಳಿಗೇ ತಿಳಿಯಲಿಲ್ಲ. ಪಕ್ಕದ ತಂಡದ ಮುಖ್ಯಸ್ಥ ಆಗಷ್ಟೇ ತನ್ನ ಕೆಲಸಕ್ಕೆ ಇನ್ನೂ ಎರಡು ತಿಂಗಳು ಬೇಕೆಂದು ಹಲ್ಲು ಗಿಂಜಿದ್ದ. ಅವನಿಗಿಂತ ಮೇಲು ಅನ್ನಿಸಿಕೊಳ್ಳುವ ಆಸೆ ಇದ್ದೀತು.

ಎಂಟನೇ ತಾರೀಕು ಮಧ್ಯಾಹ್ನ ಭೂತಗನ್ನಡಿ ಅವಳ ಮೇಜಿನ ಹತ್ತಿರ ಬಂದರು.

“ತಾಯಿ, ಒಂದು ಕಡೆ ಎಡವುತ್ತಾ ಇದೆ. ಒಬ್ಬ ರೋಗಿ ಬರಲ್ಲ ಅಂತ ರದ್ದು ಮಾಡ್ತಾನೆ. ಅದೇ ಗಳಿಗೆಯಲ್ಲಿ ಇನ್ನೊಬ್ಬ ಆ ಜಾಗ ಹಿಡೀತಾನೆ. ಮೊದಲನೆಯವನು ಮನಸ್ಸು ಬದಲಾಯಿಸಿ ವಾಪಸ್ ಬರ್ತಾನೆ. ಇಬ್ಬರಿಗೂ ಒಂದೇ ಯಂತ್ರ ಸಿಗುತ್ತೆ.”

“ಎಷ್ಟು ಸಲ ನೋಡಿದ್ರಿ?”

“ನಲವತ್ತು ಸಲ. ಒಂದು ಸಲ ಹೀಗಾಯ್ತು.”

ಅವರು ಅದನ್ನು ದಾಖಲೆಯಲ್ಲಿ ‘ಗಂಭೀರ’ ಎಂದು ಗುರುತಿಸಿದ್ದರು. ಗಂಭೀರ ಎಂಬ ಒಂದು ಗುರುತು ಉಳಿದರೂ ತಂತ್ರಾಂಶ ಹೊರಗೆ ಹೋಗುವಂತಿಲ್ಲ. ಆ ನಿಯಮ ಮಾಡಿದವಳು ಅವಳೇ.

ಅವಳು ಅವರನ್ನು ಕಿಟಕಿಯ ಪಕ್ಕಕ್ಕೆ ಕರೆದುಕೊಂಡು ಹೋದಳು. “ಗುರುಗಳೇ, ‘ಸಾಧಾರಣ’ ಅಂತ ಮಾಡಿಬಿಡಿ. ಎರಡು ವಾರದಲ್ಲಿ ಸರಿಮಾಡಿ ಕಳಿಸೋಣ.”

“ಯಂತ್ರ ಒಂದು, ಮನುಷ್ಯರು ಇಬ್ಬರು. ಇದು ಸಾಧಾರಣ ಹೇಗಾಗುತ್ತೆ?”

“ನಲವತ್ತಕ್ಕೆ ಒಂದು. ಎರಡು ವಾರ ಅಷ್ಟೇ. ಜವಾಬ್ದಾರಿ ನನ್ನದು ಅಂತಿದ್ದೀನಲ್ಲ.”

“ಹಾಗಂತ ಒಂದು ಸಾಲು ಬರೆದು ಕಳಿಸ್ತೀಯಾ?” ಎಂದರು ಅವರು.

ಅವಳಿಗೆ ಚುರುಕ್ಕೆಂದಿತು. “ಇಪ್ಪತ್ತು ವರ್ಷ ಆಯ್ತು. ನನ್ನ ಮಾತಿನ ಮೇಲೆ ನಿಮಗೆ ನಂಬಿಕೆ ಇಲ್ವಾ?”

ತಪ್ಪು ಮಾಡಿ ಸಿಕ್ಕಿಬಿದ್ದವರಂತೆ ಅವರ ಮುಖ ಸಣ್ಣಗಾಯಿತು. “ಇಲ್ಲ ತಾಯಿ, ಹಾಗಲ್ಲ” ಎನ್ನುತ್ತಾ ತಮ್ಮ ಜಾಗಕ್ಕೆ ಹೋಗಿ ಗುರುತು ಬದಲಾಯಿಸಿದರು. ಕಿಟಕಿಗೆ ಹತ್ತಿರದ ಮೇಜಿನಲ್ಲಿ, ಎಡವುತ್ತಿದ್ದ ಆ ಭಾಗವನ್ನು ಬರೆದ ಹುಡುಗಿ ಕೂತಿದ್ದಳು. ಕಿವಿಗೆ ಹಾಕಿಕೊಂಡಿದ್ದ ಹೆಡ್‌ಫೋನನ್ನು ಅವಳು ಯಾವಾಗ ತೆಗೆದಿದ್ದಳೋ ಯಾರೂ ನೋಡಿರಲಿಲ್ಲ.

ಹತ್ತನೇ ತಾರೀಕು ಎಲ್ಲ ಸುಸೂತ್ರವಾಗಿ ನಡೆಯಿತು. ನಿರ್ದೇಶಕರು ಬಂದು ಹೊಗಳಿದರು, ಅವಳು ಒಂಬತ್ತು ಜನರ ಹೆಸರನ್ನೂ ಒಂದೊಂದಾಗಿ ಹೇಳಿದಳು.

ಒಂಬತ್ತು ದಿನ ಕಳೆದ ಮೇಲೆ ಒಬ್ಬ ನಿವೃತ್ತ ಬಸ್ ಚಾಲಕ ಚೀಟಿ ಹಿಡಿದು ಆಸ್ಪತ್ರೆಗೆ ಹೋದ. ಅವನ ಯಂತ್ರದ ಪಕ್ಕದ ಹಾಸಿಗೆಯಲ್ಲಿ ಆಗಲೇ ಇನ್ನೊಬ್ಬರು ಮಲಗಿದ್ದರು, ಅವರ ಚೀಟಿಯಲ್ಲೂ ಅದೇ ಹೊತ್ತು, ಅದೇ ಯಂತ್ರ. ನರ್ಸ್ ಅವನನ್ನು ನಾಳೆ ಬನ್ನಿ ಎಂದು ಕಳಿಸಿದಳು. ಮರುದಿನವೂ ಜಾಗವಿರಲಿಲ್ಲ. ಮೂರನೆಯ ದಿನ ಅವನಿಗೆ ಉಸಿರಾಡಲಾಗದೆ ತುರ್ತು ಘಟಕಕ್ಕೆ ಸೇರಿಸಿದರು. ಆರು ದಿನ ಸಾವಿನ ಬಾಯಲ್ಲಿದ್ದು ಉಳಿದುಕೊಂಡ. ಅವನ ಮಗಳು ಮೂರು ಪುಟ ದೂರು ಬರೆದಳು. ಆಸ್ಪತ್ರೆಯವರು ಕಂಪನಿಗೆ ಒಂದೇ ಪ್ರಶ್ನೆ ಕಳಿಸಿದರು: ಇದು ನಿಮಗೆ ಮೊದಲೇ ಗೊತ್ತಿತ್ತೇ?

ಗಾಜಿನ ಕೋಣೆಯಲ್ಲಿ ವಿಚಾರಣೆ ನಡೆಯಿತು. ಸಿಬ್ಬಂದಿ ವಿಭಾಗದ ಹೆಂಗಸು, ನಿರ್ದೇಶಕರು, ಅವಳು, ಭೂತಗನ್ನಡಿ. ಗೋಡೆಯ ಪರದೆಯ ಮೇಲೆ ದಾಖಲೆ ಮೂಡಿತು. ಎಂಟನೇ ತಾರೀಕು, ನಾಲ್ಕು ಗಂಟೆ ಹನ್ನೆರಡು ನಿಮಿಷ, ‘ಗಂಭೀರ’ ಇದ್ದದ್ದು ‘ಸಾಧಾರಣ’ ಆಗಿದೆ. ಬದಲಾಯಿಸಿದವರ ಹೆಸರು ಅದರ ಮುಂದೆಯೇ ಇತ್ತು.

“ಯಾಕೆ ಬದಲಾಯಿಸಿದ್ರಿ?” ಎಂದರು ನಿರ್ದೇಶಕರು.

ಭೂತಗನ್ನಡಿ ಅವಳ ಕಡೆ ನೋಡಿದರು. ಅವರು ಬಾಯಿಬಿಡಲಿ, ‘ಇವಳು ಹೇಳಿದ್ದಕ್ಕೆ’ ಎನ್ನಲಿ, ತಕ್ಷಣ ಹೌದು ಎಂದುಬಿಡುತ್ತೇನೆ ಎಂದುಕೊಂಡಳು. ಅವರು ಅವಳ ಮಾತಿಗೆ ಕಾಯುತ್ತಿದ್ದರು. ಗೋಡೆಯಾಚೆ ಯಾರೋ ಕುರ್ಚಿ ಸರಿಸಿದ ಸದ್ದಾಯಿತು.

“ನನ್ನ ಅಂದಾಜು ತಪ್ಪಾಯ್ತು” ಎಂದರು ಅವರು, ಮೇಜು ನೋಡುತ್ತಾ.

ನಿರ್ದೇಶಕರು ಅವಳ ಕಡೆ ತಿರುಗಿದರು. “ನಿಮ್ಮ ಗಮನಕ್ಕೆ ಬಂದಿತ್ತಾ?”

“ಮಾತಾಡಿದ್ವಿ” ಎಂದಳು. ಅಲ್ಲಿಗೆ ನಿಲ್ಲಿಸಿದ್ದರೂ ಏನೋ ಒಂದು ಉಳಿಯುತ್ತಿತ್ತು. “ಆದ್ರೆ ಇಷ್ಟು ಗಂಭೀರ ಅಂತ ನನ್ನ ಮುಂದೆ ಬಂದಿರಲಿಲ್ಲ.”

ಭೂತಗನ್ನಡಿ ತಲೆ ಎತ್ತಲಿಲ್ಲ. ಆ ವಾರವೇ ಅವರಿಂದ ರಾಜೀನಾಮೆ ಬರೆಸಿಕೊಂಡರು.

ಮನೆಯಲ್ಲಿ ಅವಳು ಗಂಡನಿಗೆ ನಡೆದದ್ದನ್ನೆಲ್ಲ ಹೇಳಿದಳು. ಅವನು ಶಾಲೆಯಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು, ಉತ್ತರಪತ್ರಿಕೆ ತಿದ್ದುತ್ತಾ ಕೂತಿದ್ದ. ಅವಳು “ಅವರೇ ಒಪ್ಕೊಂಡ್ರು” ಎಂದಾಗ ಪೆನ್ನು ಕೆಳಗಿಟ್ಟ.

“ಒಪ್ಕೊಂಡ್ರು ಸರಿ. ಅವರು ಒಪ್ಕೊಳ್ಳೋವರೆಗೂ ನೀನು ಏನು ಮಾಡ್ತಿದ್ದೆ?”

ಅವಳಿಗೆ ಕೋಪ ಬಂತು, ಎರಡು ದಿನ ಅವನ ಜೊತೆ ಮಾತು ಬಿಟ್ಟಳು. ಅವನು ಆ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ.

ಕಚೇರಿಯಲ್ಲಿ ಯಾರೂ ಏನೂ ಅನ್ನಲಿಲ್ಲ. ಒಂಬತ್ತೂವರೆಗೆ ಸರಿಯಾಗಿ ಬಂದು ನಿಲ್ಲುತ್ತಿದ್ದರು. ಆದರೆ ಅವಳು ಏನೇ ಹೇಳಲಿ, ಅರ್ಧ ಗಂಟೆಯೊಳಗೆ ಹೆಡ್‌ಫೋನಿನ ಆ ಹುಡುಗಿಯಿಂದ ಮೇಲ್ ಬರುತ್ತಿತ್ತು: ‘ಇಂದು ಬೆಳಿಗ್ಗೆ ತಾವು ಹೇಳಿದಂತೆ ಈ ಕೆಲಸ ಮಾಡುತ್ತಿದ್ದೇನೆ. ದಯವಿಟ್ಟು ಖಚಿತಪಡಿಸಿ.’ ಮರುವಾರ ಉಳಿದವರೂ ಅದನ್ನೇ ಕಲಿತರು. ಚಹಾ ಯಂತ್ರದ ಹತ್ತಿರ ಅವಳು ತಮಾಷೆಗೆ ಏನೋ ಹೇಳಿ ಬಂದರೂ, ಇನ್ನು ಅದಕ್ಕೂ ಖಚಿತಪಡಿಸಿ ಎಂದು ಬರೆದಾರು ಅನ್ನಿಸುತ್ತಿತ್ತು. ದಿನಕ್ಕೆ ಇಪ್ಪತ್ತು ಸಲ ‘ಹೌದು, ನಾನೇ ಹೇಳಿದ್ದು’ ಎಂದು ಬರೆದು ಕಳಿಸುತ್ತಿದ್ದಳು.

ಭೂತಗನ್ನಡಿ ಕೆಲಸ ಬಿಟ್ಟ ಹನ್ನೆರಡನೆಯ ದಿನ ತಡೆಯಲಾಗದೆ ನಿರ್ದೇಶಕರ ಕೋಣೆಗೆ ಹೋಗಿ ನಿಂತೇ ಎಲ್ಲವನ್ನೂ ಹೇಳಿದಳು. ಕಿಟಕಿಯ ಪಕ್ಕದ ಮಾತು, ಬರೆದು ಕೊಡು ಎಂದು ಅವರು ಕೇಳಿದ್ದು, ತಾನು ಮುನಿಸಿಕೊಂಡದ್ದು, ಒಂದನ್ನೂ ಬಿಡಲಿಲ್ಲ.

ನಿರ್ದೇಶಕರು ಕನ್ನಡಕ ತೆಗೆದು ಒರೆಸಿದರು. “ಆಸ್ಪತ್ರೆಗೆ ವರದಿ ಹೋಗಿದೆ. ಅವರೂ ಸಮಾಧಾನ ಆಗಿದ್ದಾರೆ. ಈಗ ನೀವು ಬಂದು ಬೇರೆ ಕಥೆ ಹೇಳಿದ್ರೆ ನಾವು ಸುಳ್ಳು ಹೇಳಿದ ಹಾಗಾಗುತ್ತೆ. ಮುಗಿದಿದೆ. ಕೆದಕಬೇಡಿ.”

ಹೊರಗೆ ಬಂದಾಗ ಅವಳಿಗೆ ಮೊದಲು ಆದದ್ದು ನಿರಾಳ. ಆ ನಿರಾಳವನ್ನು ಗುರುತಿಸಿದ ಮೇಲೆ ಲಿಫ್ಟಿನ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಳ್ಳಲಾಗಲಿಲ್ಲ.

ಶನಿವಾರ ಬೆಳಿಗ್ಗೆ ಭೂತಗನ್ನಡಿಯ ಮನೆಗೆ ಹೋದಳು. ಎರಡನೇ ಮಹಡಿಯ ಸಣ್ಣ ಮನೆ. ಬಾಗಿಲು ತೆಗೆದ ಅವರ ಹೆಂಡತಿ “ಬನ್ನಿ” ಎಂದು ಹೇಳಿ ಒಳಕೋಣೆಗೆ ಹೋದವರು ಮತ್ತೆ ಬರಲಿಲ್ಲ. ಭೂತಗನ್ನಡಿ ಬನಿಯನ್ನಿನಲ್ಲಿ ಕೂತು ಮಿಕ್ಸಿಯ ತಳ ಬಿಚ್ಚುತ್ತಿದ್ದರು.

“ನಿರ್ದೇಶಕರಿಗೆ ಎಲ್ಲ ಹೇಳಿದೆ” ಎಂದಳು.

“ಏನಂದ್ರು?”

“ಮುಗಿದಿದೆ, ಕೆದಕಬೇಡಿ ಅಂದ್ರು.”

ಅವರು ನಕ್ಕರು. “ನೀನು ಹೇಳಿದ ಹಾಗೂ ಆಯ್ತು, ಅವರು ಕೇಳದ ಹಾಗೂ ಆಯ್ತು.” ತಿರುಪು ಒಂದನ್ನು ಬೆರಳಲ್ಲಿ ಹೊರಳಿಸುತ್ತಾ, “ಆ ಡ್ರೈವರ್ ಈಗ ಹೇಗಿದ್ದಾರೆ, ವಿಚಾರಿಸಿದ್ಯಾ?” ಎಂದರು.

ಅವಳು ವಿಚಾರಿಸಿರಲಿಲ್ಲ. ಆ ಯೋಚನೆಯೇ ಬಂದಿರಲಿಲ್ಲ.

“ನಾನು ಎರಡು ಸಲ ಹೋಗಿ ಬಂದೆ. ನಡೀತಾರೆ, ಆದ್ರೆ ಮೆಟ್ಟಿಲು ಹತ್ತೋಕೆ ಆಗಲ್ಲ. ತಪ್ಪು ನನ್ನದೇ ಅಂತ ಹೇಳಿದೆ. ಮಗಳು ಎದ್ದು ಹೊರಗೆ ಹೋದಳು. ಅವರು ಮಾತ್ರ ಕೂತ್ಕೊಳ್ಳಿ ಅಂದ್ರು.”

“ನಿಮ್ಮದು ಹೇಗಾಗುತ್ತೆ ಗುರುಗಳೇ? ನಾನು ಹೇಳಿದ್ದಕ್ಕೆ ತಾನೆ…”

“ನೀನು ಹೇಳಿದೆ. ನಾನು ಮಾಡಿದೆ. ಮಾಡಲ್ಲ ಅನ್ನಬಹುದಿತ್ತು.” ಅವರು ಅವತ್ತು ಮೊದಲ ಸಲ ಅವಳ ಕಣ್ಣಿಗೆ ಕಣ್ಣಿಟ್ಟು ನೋಡಿದರು. “ಅದಿರಲಿ. ಒಂದು ಕಡೆ ಪಾಠ ಮಾಡೋ ಕೆಲಸ ಕೇಳಿದ್ದೀನಿ. ಅನುಭವದ ಪತ್ರ ಬೇಕಂತೆ, ತಂಡದ ಮುಖ್ಯಸ್ಥರ ಸಹಿ ಇರಬೇಕಂತೆ. ಹೊಗಳಿ ಏನೂ ಬರೀಬೇಡಿ ಮೇಡಂ. ಎಷ್ಟು ವರ್ಷ ಇದ್ದೆ, ಅಷ್ಟು ಬರೀರಿ ಸಾಕು.”

‘ಮೇಡಂ’ ಎಂಬುದು ಅವರು ತಿಳಿದೇ ಹೇಳಿದ್ದೋ, ಬಾಯಿತಪ್ಪಿ ಬಂದದ್ದೋ ಅವಳು ಕೇಳಲಿಲ್ಲ.

ಸೋಮವಾರ ಸಿಬ್ಬಂದಿ ವಿಭಾಗದಿಂದ ಅನುಭವದ ಪತ್ರದ ನಮೂನೆ ಅವಳ ಮೇಜಿಗೆ ಬಂತು. ಹೆಸರು, ಹುದ್ದೆ, ಸೇರಿದ ದಿನ, ಬಿಟ್ಟ ದಿನ, ಎಲ್ಲ ಅಚ್ಚಾಗಿತ್ತು. ಕೊನೆಯಲ್ಲಿ ‘ಕೆಲಸ ಬಿಡಲು ಕಾರಣ’ ಎಂಬ ಒಂದು ಸಾಲು ಮಾತ್ರ ಅವಳು ತುಂಬಲೆಂದು ಖಾಲಿ ಬಿಟ್ಟಿದ್ದರು. ನಿಜ ಬರೆದರೆ ಭೂತಗನ್ನಡಿಗೆ ಪಾಠ ಮಾಡುವ ಆ ಕೆಲಸವೂ ಸಿಗುವುದಿಲ್ಲ. ಅವಳು ದುಂಡಾದ ಅಕ್ಷರದಲ್ಲಿ ‘ಸ್ವಂತ ಇಚ್ಛೆ’ ಎಂದು ಬರೆದು, ಕೆಳಗೆ ಸಹಿ ಹಾಕಿದಳು.