ಸೀರೆ ಗಾರ್ಡಿನ ಮೇಲೆ ಹೀರೆ ಬಳ್ಳಿ

೧

ಈ ಕತೆಯನ್ನು ಹಾರ್ನಿನಿಂದ ಶುರು ಮಾಡಬೇಕೋ ಹೆಡ್‌ಲೈಟಿನಿಂದಲೋ ಗೊತ್ತಾಗುತ್ತಿಲ್ಲ. ಹಾರ್ನ್ ಹೊಡೆದರೆ ಓದುಗರಾದ ನೀವು ಪಕ್ಕಕ್ಕೆ ಸರಿದು ದಾರಿ ಬಿಟ್ಟುಬಿಡುತ್ತೀರಿ. ಲೈಟ್ ಹಾಕಿದರೆ ಕಣ್ಣು ಮುಚ್ಚಿಕೊಳ್ಳುತ್ತೀರಿ. ಎರಡರಲ್ಲೂ ನಷ್ಟ ನನಗೇ. ಹಾಗಾಗಿ ಗಾಡಿಯ ಯಜಮಾನನಿಂದ ಶುರು ಮಾಡುತ್ತೇನೆ.

ದೇವರಾಜ್, ಕಟ್ಟಾಯದವನು. ೧೯೯೫ರಲ್ಲಿ, ಆಲೂಗಡ್ಡೆ ಕೈಹಿಡಿದ ವರ್ಷ, ಹಾಸನದಿಂದ ಹೊಸ ಆರ್‌ಎಕ್ಸ್ ಹಂಡ್ರೆಡ್ ಬೈಕು ತಂದ. ತರುವ ಮುಂಚೆ ಅವ್ವ ಲಕ್ಕಮ್ಮನಿಗೆ ಮಾತು ಕೊಟ್ಟಿದ್ದ: ಇನ್ನು ಮೇಲೆ ಶಾಂತಿಗ್ರಾಮದ ತವರಿಗೆ ಹೋಗಲು ನೀನು ಹಾಸನದಲ್ಲಿ ಬಸ್ಸು ಬದಲಿಸಿ ನೇತಾಡಬೇಕಿಲ್ಲ, ರಾಣಿಯ ಹಾಗೆ ನನ್ನ ಹಿಂದೆ ಕೂತು ಬಾ.

(ಅಪ್ಪ ರಾಮಣ್ಣ ಕೂಡ ಇದ್ದಾರೆ. "ನಂಗೆ ಮಾತು ಗೀತು ಬ್ಯಾಡ, ಜಗಲಿ ಮೇಲೆ ಒಂಚೂರು ಜಾಗ ಕೊಡಿ ಸಾಕು" ಎಂದರು. ಇಂಥ ಪಾತ್ರ ಸಿಗುವುದು ಬರೆಯುವವನ ಪುಣ್ಯ.)

೨

ಹೊಳೆನರಸೀಪುರದಿಂದ ಅರಕಲಗೂಡಿನವರೆಗೆ ಒಂದು ರೇಸ್. ಧೂಳು, ಹೊಗೆ, ಕೊನೆಯ ತಿರುವಿನಲ್ಲಿ ದೇವರಾಜ್ ಎಲ್ಲರನ್ನೂ ಹಿಂದೆ ಹಾಕಿ...

"ಸಾ, ರೇಸು ಬ್ಯಾಡ," ಎಂದ ದೇವರಾಜ್. "ಕಲ್ಲು ಎಗರಿ ಕ್ರೋಮು ಗೀರಾಯ್ತದೆ. ನಾನು ನಲವತ್ತರ ಮೇಲೆ ಓಡ್ಸಾಕಿಲ್ಲ."

ಅರ್ಧ ಪುಟ ಕಸದ ಬುಟ್ಟಿಗೆ ಹೋಯಿತು.

೨ (ಮತ್ತೆ)

ಹಾಸನದ ಹಳೇ ಬಸ್‌ಸ್ಟ್ಯಾಂಡಿನ ಹಿಂದೆ ಈಶ್ವರಯ್ಯನ ಅಂಗಡಿ. (ಹುಡುಕಿಕೊಂಡು ಹೋಗಬೇಡಿ, ಅದನ್ನು ಕಟ್ಟಿದವನು ನಾನು.) ಸಂತೆಗೆ ಹೋದಾಗಲೆಲ್ಲ ದೇವರಾಜ್ ಅಲ್ಲಿಂದ ಏನಾದರೊಂದು ತಂದು ಗಾಡಿಗೆ ಏರಿಸುತ್ತಿದ್ದ. ಚಕ್ರದ ಕಡ್ಡಿಗಳಿಗೆ ಬಣ್ಣದ ಮಣಿ, ಹ್ಯಾಂಡಲ್ ತುದಿಗೆ ರಿಬ್ಬನ್ ಗೊಂಚಲು, ಟ್ಯಾಂಕಿಗೆ ಬೆಂಕಿಯ ಜ್ವಾಲೆಯ ಸ್ಟಿಕರ್, ಬ್ರೇಕ್ ಹಿಡಿದರೆ ಕೆಂಪು ಹಸಿರು ನೀಲಿ ಓಡಾಡುವ ಲೈಟು. ಹಾರ್ನ್ ಒತ್ತಿದರೆ ಒಂದು ರಾಗವೇ ಬರುತ್ತಿತ್ತು, ಎಮ್ಮೆಗಳು ಕೂಡ ನಿಂತು ಪೂರ್ತಿ ಕೇಳಿಯೇ ದಾರಿ ಬಿಡುತ್ತಿದ್ದವು. ಹಿಂದಿನ ಮಡ್‌ಫ್ಲ್ಯಾಪಿನ ಮೇಲೆ ದಪ್ಪ ರೇಡಿಯಂ ಅಕ್ಷರ: ತಾಯಿಯ ಆಶೀರ್ವಾದ.

ಆದರೆ ಇದೆಲ್ಲಕ್ಕಿಂತ ಮೊದಲು, ಪೂಜೆಯಾದ ಮರುದಿನವೇ, ಜಿಲ್ಲೆಯ ಎಲ್ಲ ಹುಡುಗರು ಮಾಡುವುದನ್ನು ಅವನೂ ಮಾಡಿದ್ದ. ಸೀರೆ ಗಾರ್ಡ್ ಬಿಚ್ಚಿಸಿದ. ಒಂದೇ ಕಡೆಗೆ ಕಾಲು ಹಾಕಿ ಕೂರುವ ಹೆಂಗಸರ ಸೆರಗು, ನೆರಿಗೆ ಹಿಂದಿನ ಚಕ್ರಕ್ಕೆ ಸಿಗದಿರಲಿ ಎಂದು ಹಾಕಿರುವ ಕಬ್ಬಿಣದ ಜಾಲರಿ ಅದು. ಅದಿದ್ದರೆ ಗಾಡಿ ಸಂಸಾರಸ್ಥರದ್ದು, ಇಲ್ಲದಿದ್ದರೆ ಹೀರೋದು. ಆಮೇಲೆ ಉದ್ದನೆಯ ಸೀಟು ತೆಗೆಸಿ ಒಬ್ಬನೇ ಕೂರುವ, ಬಾಲ ಎತ್ತಿದ ಸೀಟು ಹಾಕಿಸಿದ. ಗಾಡಿ ನೋಡಲು ಊರೇ ಬಂತು. ಲಕ್ಕಮ್ಮನೂ ನೋಡಿದಳು, ಒಳಗೆ ಹೋದಳು. ಪೂಜೆಯ ದಿನ ಅದೇ ಜಾಲರಿಗೆ ಅರಿಶಿನ ಕುಂಕುಮ ಇಟ್ಟು, "ಇದು ನನ್ ಸೀರೆಗೆ ಅಂತ್ಲೇ ಮಾಡವ್ರಾ?" ಎಂದು ಹಿಗ್ಗಿದವಳು ಅವಳು.

(ದೇವರಾಜನಿಗೆ ಇದು ತಿಳಿಯಲಿಲ್ಲವೇ ಎಂದು ಕೇಳುತ್ತೀರಿ. ತಾಯಿಯ ಆಶೀರ್ವಾದ ಎಂದು ಬರೆಸುವ ಗಡಿಬಿಡಿಯಲ್ಲಿ ಇದ್ದ, ಪಾಪ.)

೪

(ಮೂರನ್ನು ಬಿಚ್ಚಿಸಿದ್ದೇನೆ. ಲುಕ್ ಚೆನ್ನಾಗಿ ಬರುತ್ತದೆ.)

ಶ್ರಾವಣದಲ್ಲಿ ಶಾಂತಿಗ್ರಾಮದ ಸೋದರಮಾವ ಹುಚ್ಚಯ್ಯನ ಮನೆಯಲ್ಲಿ ಮೊಮ್ಮಗಳ ನಾಮಕರಣ. ದೇವರಾಜ್ ಗಾಡಿ ಒರೆಸಿ ಮುಂಚೆಯೇ ಹೋದ. ನೆಂಟರೆಲ್ಲ ಎಲೆ ಮುಂದೆ ಕೂರುವುದನ್ನು ಬಿಟ್ಟು ಗಾಡಿ ಸುತ್ತ ನಿಂತರು. ಅವನು ಹಾರ್ನ್ ಒತ್ತಿ ತೋರಿಸಿದ, ಲೈಟ್ ಓಡಿಸಿದ. ಅಷ್ಟರಲ್ಲಿ ಹೈವೇ ಕಡೆಯಿಂದ ಲಕ್ಕಮ್ಮ ಚೀಲ ಹೊತ್ತು ನಡೆದು ಬಂದಳು.

ಹುಚ್ಚಯ್ಯ ಬಗ್ಗಿ ಮಡ್‌ಫ್ಲ್ಯಾಪನ್ನು ಅಕ್ಷರ ಕೂಡಿಸಿ ಓದಿದರು. "ತಾಯಿಯ ಆಶೀರ್ವಾದ. ಸಂದಾಕದೆ ಕಣಪ್ಪ. ಆಶೀರ್ವಾದ ಗಾಡೀಲಿ ಬಂತು, ತಾಯಿ ಬಸ್ಸಲ್ಲಿ ಬಂದ್ಲು."

ಯಾರೂ ಜೋರಾಗಿ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಊಟಕ್ಕೆ ಕೂತ ದೇವರಾಜ್ ಒಬ್ಬಟ್ಟನ್ನು ಎಲೆಯಲ್ಲೇ ಬಿಟ್ಟು ಎದ್ದ. ನಾಚಿಕೆಯಾಯಿತು, ಅಳುವೂ ಬಂತು. ಗೌರಿ ಹಬ್ಬಕ್ಕೆ ಅವ್ವ ಮತ್ತೆ ತವರಿಗೆ ಬರುವುದಿತ್ತು. ಅವತ್ತು ಅವಳು ತನ್ನ ಹಿಂದೆ ಕೂತೇ ಈ ಅಂಗಳಕ್ಕೆ ಬರಬೇಕು ಎಂದು ಅಲ್ಲೇ ನಿಶ್ಚಯಿಸಿದ.

ಮನೆಗೆ ಬಂದವನೇ ಹಿತ್ತಲಿಗೆ ಓಡಿದ. ಸೀರೆ ಗಾರ್ಡ್ ಇತ್ತು. ಲಕ್ಕಮ್ಮ ಅದನ್ನು ಎರಡು ಗೂಟಕ್ಕೆ ಕಟ್ಟಿ ಹೀರೆ ಬಳ್ಳಿ ಹಬ್ಬಿಸಿದ್ದಳು. ಜಾಲರಿಯ ಕಿಂಡಿಕಿಂಡಿಯಲ್ಲೂ ಬಳ್ಳಿ ನುಸುಳಿ, ಹಳದಿ ಹೂ ಅರಳಿ, ಕಾಯಿ ಜೋತು ಬಿದ್ದಿದ್ದವು.

೫

ಅಂಗಡಿಯಲ್ಲಿ ಹೊಸದು ಸಿಗುವುದಿಲ್ಲವೇ? ಈ ಪ್ರಶ್ನೆ ನೀವು ಕೇಳಿಯೇ ಕೇಳುತ್ತೀರಿ ಎಂದು ದೇವರಾಜನನ್ನು ಈಶ್ವರಯ್ಯನ ಹತ್ತಿರ ಕಳಿಸಿದೆ. ಈಶ್ವರಯ್ಯ, ಬಿಚ್ಚಿಸಲು ಊರೆಲ್ಲ ಬರುತ್ತಾರೆ, ಹಾಕಿಸಲು ಬಂದವನು ನೀನೊಬ್ಬನೇ ಎಂದು ನಕ್ಕು, ಹೊಸದೊಂದು ತೆಗೆದುಕೊಟ್ಟ.

ಲಕ್ಕಮ್ಮ ಅದನ್ನು ಮುಟ್ಟಲೂ ಇಲ್ಲ. "ನಾನು ಕುಂಕುಮ ಇಟ್ಟಿದ್ದು ಅದಕ್ಕೆ ಕಣ್ಲಾ. ಇದು ಯಾವಳ ಸೀರೇದೋ ಏನೋ."

ಹಾಗಾದರೆ ಬಳ್ಳಿ ಬಿಡಿಸುತ್ತೇನೆ ಎಂದ. ಕಾಯಿ ಬಿಡುವ ಬಳ್ಳಿಗೆ ಕೈ ಹಾಕಬಾರದು ಎಂದಳು. ಹಬ್ಬ ಹತ್ತಿರ ಬರುತ್ತಿತ್ತು, ಬಳ್ಳಿ ದಿನಾ ಹೊಸ ಹೂ ಬಿಡುತ್ತಿತ್ತು. ತಮಾಷೆಯೆಂದರೆ ಅದಕ್ಕೆ ನೀರು ಹಾಕುವ ಕೆಲಸವನ್ನೂ ಅವಳು ಅವನಿಗೇ ಹಚ್ಚಿದ್ದಳು. ಅವನು ಬೈದುಕೊಳ್ಳುತ್ತಲೇ ಹಾಕುತ್ತಿದ್ದ.

೬. ಮುಕ್ತಾಯ, ಒಂದನೆಯದು

ಬಳ್ಳಿ ಸಮೇತ ಗಾರ್ಡನ್ನು ಗಾಡಿಗೆ ಫಿಟ್ ಮಾಡುತ್ತಾನೆ. ಮಣಿ, ರಿಬ್ಬನ್ನು, ಜೊತೆಗೆ ಜೋತಾಡುವ ಹೀರೇಕಾಯಿ. ದೇವರಾಜನಿಗೆ ಇದು ಬಹಳ ಹಿಡಿಸಿತು. ಇಂಥ ಫಿಟ್ಟಿಂಗ್ ಚನ್ನರಾಯಪಟ್ಟಣದವರೆಗೂ ಯಾರದ್ದೂ ಇಲ್ಲ ಎಂದ. ಲಕ್ಕಮ್ಮ ಮಾತ್ರ ನನ್ನನ್ನೇ ನೋಡಿದಳು.

ಎರಡನೆಯದು

ಲಕ್ಕಮ್ಮ ಬಸ್ಸಿನ ಕಿಟಕಿಯಲ್ಲಿ ಕೂತಿದ್ದಾಳೆ. ಹಿಂದೆಯೇ ದೇವರಾಜ್ ಎಲ್ಲ ಲೈಟು ಹಾಕಿಕೊಂಡು, ಶಾಂತಿಗ್ರಾಮದವರೆಗೂ ಹಾರ್ನ್ ನುಡಿಸುತ್ತ...

"ಏನಪ್ಪಾ ಬರ್ಯೋನೆ," ಎಂದಳು ಲಕ್ಕಮ್ಮ. "ನೀನೂ ನನ್ ಮಗನಂಗೇ ಆದೆ. ಬ್ರಾಕೆಟ್ಟು, ನಂಬರು, ಎಲ್ಡೆಲ್ಡು ಮುಕ್ತಾಯ, ಎಲ್ಲಾ ಏರ್ಸ್ದೆ. ನಾನು ಕೂರಾಕೆ ಈ ಕತೇಲಿ ಎಲ್ಲದೆ ಜಾಗ?"

ಎರಡು ಮುಕ್ತಾಯವೂ ಕಸದ ಬುಟ್ಟಿಗೆ ಹೋದವು. ಇನ್ನು ಬ್ರಾಕೆಟ್ ಹಾಕುವುದಿಲ್ಲ.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ದೇವರಾಜ್ ಸ್ಪ್ಯಾನರ್ ಹಿಡಿದು ಅಂಗಳದಲ್ಲಿ ಕೂತ. ಬಾಲ ಎತ್ತಿದ ಸೀಟು ಬಿಚ್ಚಿದ. ಅಟ್ಟದಿಂದ ಹಳೇ ಉದ್ದನೆಯ ಸೀಟು ಇಳಿಸಿ, ಧೂಳು ಒರೆಸಿ ಕೂರಿಸಿದ. ಗಾಡಿಯನ್ನು ಹಿತ್ತಲಿಗೆ ತಳ್ಳಿಕೊಂಡು ಹೋಗಿ, ಬಳ್ಳಿ ಹಬ್ಬಿದ ಗಾರ್ಡು ಹಿಂದಿನ ಚಕ್ರದ ಪಕ್ಕಕ್ಕೇ ಬರುವಂತೆ ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ. ಪೂಜೆಗೆ ದಾಸವಾಳ ಬಿಡಿಸುತ್ತಿದ್ದ ಲಕ್ಕಮ್ಮ ತಿರುಗಿ ನೋಡಿದಳು. ಆಮೇಲೆ ಕೈ ಒರೆಸಿಕೊಂಡು, ನೆರಿಗೆ ಒಟ್ಟುಮಾಡಿ, ಒಂದೇ ಕಡೆಗೆ ಕಾಲು ಹಾಕಿ ಹತ್ತಿ ಕೂತಳು. ದೇವರಾಜ್ ಮುಂದೆ ಕೂತ. ಅವಳ ಕೈ ಅವನ ಹೆಗಲಿಗೆ ಬಂತು.

"ಮೆಲ್ಲಕೆ ಓಗ್ಲಾ," ಎಂದಳು.

ಎಂಜಿನ್ ಆಫ್ ಇತ್ತು. ಅವನು ಹಾರ್ನ್ ಒತ್ತಿದ. ರಾಗ ಪೂರ್ತಿ ಮುಗಿಯುವವರೆಗೂ ಅವಳು ಹೆಗಲು ಬಿಡಲಿಲ್ಲ. ಜಗಲಿಯಿಂದ ರಾಮಣ್ಣ ಎದ್ದು ಬಂದು ನೋಡಿದರು.

ನಾಳೆ ಗೌರಿ ಹಬ್ಬ, ಬಳ್ಳಿಯಲ್ಲಿ ಇನ್ನೂ ಎಳೆಕಾಯಿ ಇವೆ. ಅವಳು ಹೋಗುವುದು ಬಸ್ಸಿನಲ್ಲೋ ಗಾಡಿಯಲ್ಲೋ ಎಂದು ನಾನು ಬರೆಯುವುದಿಲ್ಲ, ಕೇಳಬೇಡಿ. ಬರೆಯಬೇಕೆಂದರೆ ಅವಳನ್ನು ಇಳಿಸಬೇಕಾಗುತ್ತದೆ. ಅವಳು ಈಗಷ್ಟೇ ಕೂತಿದ್ದಾಳೆ.